ವಂಶವೃಕ್ಷದಲ್ಲಿ ಒಂದು ಖಾಲಿ ಜಾಗ

ನಮ್ಮ ಕಡೆ ವಂಶವೃಕ್ಷ ಅಂದರೆ ಕಂದಾಯ ಇಲಾಖೆಗೆ ಕೊಡಬೇಕಾದ ಒಂದು ಕಾಗದ. ತೀರಿಹೋದವರ ಹೆಸರಿನಲ್ಲೇ ಉಳಿದಿರುವ ಜಮೀನನ್ನು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಬೇಕಾದರೆ ಅದು ಬೇಕು, ಜೊತೆಗೆ ಅಫಿಡವಿಟ್ಟೂ ಬೇಕು. ಯಾರು ಯಾರ ಮಗ, ಯಾರು ಯಾವಾಗ ತೀರಿಕೊಂಡರು, ಯಾರಿಗೆ ಸಂತಾನವಿಲ್ಲ ಎಂಬುದನ್ನೆಲ್ಲ ಪ್ರಮಾಣ ಮಾಡಿ ಬರೆದುಕೊಡಬೇಕು. ಊರಿನ ಮನೆ, ತೋಟ ಬಿಟ್ಟು ಹೊರಗೆ ದುಡಿಯುವ ನಮ್ಮಂಥವರು ಕುಟುಂಬದ ಚರಿತ್ರೆಗೆ ಕೈಹಾಕುವುದು ಹೆಚ್ಚಾಗಿ ಈ ಕಾಗದದ ನೆವದಿಂದಲೇ. ನನ್ನದೂ ಹಾಗೆಯೇ ಆಯಿತು.

ನಮ್ಮದು ಕುಂದಾಪುರ ತಾಲೂಕಿನ ಒಂದು ಹಳ್ಳಿ. ಮನೆಯ ಹೆಸರು ಕೆಳಮನೆ, ಹೆಸರಿನ ಕೊನೆಗೆ ಐತಾಳ. ನಾನು ಒಂಬತ್ತು ವರ್ಷದಿಂದ ಕೊಚ್ಚಿಯಲ್ಲಿದ್ದೇನೆ. ಕೆಲಸ ಇನ್ಫೋಪಾರ್ಕಿನಲ್ಲಿ, ಬಾಡಿಗೆ ಮನೆ ಫೋರ್ಟ್ ಕೊಚ್ಚಿಯಲ್ಲಿ. ಹೋದ ವರ್ಷ ಅಪ್ಪ ಮತ್ತು ಚಿಕ್ಕಪ್ಪ ಸೇರಿ ಜಾಗದ ಪೌತಿ ಖಾತೆಗೆ ಹೊರಟಾಗ ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆದು ನೋಡಿದ್ದು ನಾನೇ. ಈ ಕೆಲಸಕ್ಕೆ ಹಿಂದೆ ಶ್ಯಾನುಭೋಗರ ಮನೆಗೆ ಎಷ್ಟು ಸಲ ನಡೆಯಬೇಕಿತ್ತು ಎಂದು ಅಪ್ಪ ಈಗಲೂ ಹೇಳುತ್ತಾರೆ. ಕರ್ನಾಟಕ ಸುಮಾರು 2000ದ ಇಸವಿಯ ಹೊತ್ತಿಗೆ 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದರ ಫಲ ಅದು. ಫೋರ್ಟ್ ಕೊಚ್ಚಿಯ ಮನೆಯ ಜಗಲಿಯಲ್ಲಿ ಕೂತು ಸರ್ವೆ ನಂಬರ್ ಹಾಕಿದೆ. ಒಂಬತ್ತನೆಯ ಕಾಲಮ್ಮಿನಲ್ಲಿ ಎರಡು ಹೆಸರು ಜಂಟಿಯಾಗಿ ಬಂದವು. ಒಂದು ನನ್ನ ಅಜ್ಜನದು. ಇನ್ನೊಂದು ಅಜ್ಜನ ಅಣ್ಣ, ಅಂದರೆ ದೊಡ್ಡಜ್ಜನದು.

ದೊಡ್ಡಜ್ಜನ ವಿಷಯ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಮದುವೆಯಾಗಿ ನಾಲ್ಕೈದು ವರ್ಷಕ್ಕೆ ಕೊಚ್ಚಿಯ ಹೋಟೆಲೊಂದರ ಕೆಲಸಕ್ಕೆ ಹೋದವರು. ಕೆಲವು ವರ್ಷ ಮನಿಯಾರ್ಡರ್ ಬರುತ್ತಿತ್ತು. ಕೊನೆಯ ಕಾರ್ಡಿನ ಮೇಲೆ 1946ರ ಮುದ್ರೆ ಇದೆ. ಆಮೇಲೆ ಸುದ್ದಿಯೇ ಇಲ್ಲ. ಹೆಂಡತಿ, ನಮ್ಮ ದೊಡ್ಡಜ್ಜಿ, ನಮ್ಮ ಮನೆಯಲ್ಲೇ ಉಳಿದರು. ಮಕ್ಕಳಿರಲಿಲ್ಲ. 1994ರಲ್ಲಿ ಅವರು ತೀರಿಕೊಂಡಾಗ ನನಗೆ ಏಳು ವರ್ಷ. ಹಣೆಯ ಮೇಲಿನ ಕುಂಕುಮ ದೊಡ್ಡದಾಗಿತ್ತು ಎಂಬುದು ಮಾತ್ರ ನನಗೆ ನೆನಪು. ಗಂಡ ಸತ್ತ ಸುದ್ದಿ ಬರದ ಮೇಲೆ ಅದನ್ನು ಅಳಿಸುವುದು ಹೇಗೆ?

ಈಗ ಅಫಿಡವಿಟ್ಟಿನಲ್ಲಿ ದೊಡ್ಡಜ್ಜನ ಹೆಸರಿನ ಕೆಳಗೆ ಏನು ಬರೆಯಬೇಕು ಎಂಬ ಪ್ರಶ್ನೆ ಬಂತು. "ನಿಸ್ಸಂತಾನ ಅಂತ ಬರೆದರಾಯ್ತು, ಊರಿಗೇ ಗೊತ್ತಿದ್ದ ವಿಷಯ" ಅಂದರು ಚಿಕ್ಕಪ್ಪ. ಅಪ್ಪ ಒಪ್ಪಲಿಲ್ಲ. "ಗೊತ್ತಿಲ್ಲದ್ದನ್ನು ಗೊತ್ತು ಅಂತ ಪ್ರಮಾಣ ಮಾಡೂದ್ ಹ್ಯಾಂಗೆ? ಹೇಗೂ ನೀ ಅಲ್ಲೇ ಇದ್ದೆಯಲ್ಲ, ಒಂಚೂರು ವಿಚಾರಿಸು" ಎಂದು ನನಗೆ ಹೇಳಿದರು.

ಕೊಚ್ಚಿಯಲ್ಲಿ ವಂಶ ಹುಡುಕಿಕೊಂಡು ಬರುವವರು ಹೊಸಬರೇನಲ್ಲ. ನಮ್ಮ ಬೀದಿಯ ಹೋಂಸ್ಟೇಗಳಲ್ಲಿ ಪ್ರತಿ ಡಿಸೆಂಬರಿಗೆ ಯಾರಾದರೊಬ್ಬ ಯೂರೋಪಿನವರು ಆ ಕೆಲಸಕ್ಕೆ ಬಂದಿರುತ್ತಾರೆ. ಅವರಿಗೆ ಈ ಊರು ಅನುಕೂಲ. 1663ರಿಂದ 1795ರವರೆಗೆ ಕೊಚ್ಚಿ ಕೋಟೆ ಡಚ್ಚರ ಕೈಯಲ್ಲಿತ್ತು. ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ 1751ರಿಂದ 1804ರವರೆಗಿನ ಜ್ಞಾನಸ್ನಾನ ಮತ್ತು ಮದುವೆಗಳ ರಿಜಿಸ್ಟರ್ ಇದೆ. ಕಡಲ ದಂಡೆಯ ಹತ್ತಿರ 1724ರ ಡಚ್ ಸ್ಮಶಾನವಿದೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಡತಗಳು 2003ರಲ್ಲಿ ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದವು. ಆ ಕಂಪನಿಯ ಹಡಗು ಹತ್ತಿದ ಲಕ್ಷಾಂತರ ಜನರ ಹೆಸರು, ಹುಟ್ಟೂರು, ಸಂಬಳದ ಲೆಕ್ಕಗಳನ್ನು ಈಗ ಮನೆಯಿಂದಲೇ ಹುಡುಕಬಹುದು. ಹಳೆಯ ಡಚ್ ಕೈಬರಹ ಓದಲು ಕಂಪ್ಯೂಟರಿಗೆ ಕಲಿಸಿ, ಹೇಗ್ ನಗರದಲ್ಲಿರುವ ಲಕ್ಷಗಟ್ಟಲೆ ಪುಟಗಳಲ್ಲಿ ಶಬ್ದ ಹುಡುಕುವ ಹಾಗೆ ಮಾಡಿದ್ದಾರೆ. ಕುತೂಹಲಕ್ಕೆ ನಮ್ಮ ಬಸ್ರೂರಿನ ಹಳೆಯ ಹೆಸರಾದ ಬಾರ್ಸೆಲೋರ್ ಎಂಬುದನ್ನು ಒಂದು ರಾತ್ರಿ ಹಾಕಿ ನೋಡಿದೆ. ಮಲಬಾರಿನ ಡಚ್ಚರಿಗೆ ಕೆನರಾದ ಅಕ್ಕಿ ಬೇಕಿತ್ತು, ಹಾಗಾಗಿ ನಮ್ಮ ಬಂದರಿನ ಹೆಸರು ಅವರ ಕಾಗದಗಳಲ್ಲಿ ಉಳಿಯಿತು. ಅಕ್ಕಿ ಬೆಳೆದವರ ಹೆಸರು ಬರೆದಿಡುವ ಅಗತ್ಯ ಮಾತ್ರ ಅವರಿಗೆ ಇರಲಿಲ್ಲ.

ದಾಖಲೆಯ ಸ್ವಭಾವವೇ ಅದು. ಸಂಬಳ ಕೊಡುವುದಕ್ಕೆ, ತೆರಿಗೆ ಎತ್ತುವುದಕ್ಕೆ, ಸಾಕ್ಷಿ ಹೇಳಿಸುವುದಕ್ಕೆ ಯಾರು ಬೇಕೋ ಅವರ ಹೆಸರನ್ನಷ್ಟೇ ಅದು ಇಟ್ಟುಕೊಳ್ಳುತ್ತದೆ. 1678ರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಹೋರ್ಟುಸ್ ಮಲಬಾರಿಕುಸ್ ಗ್ರಂಥದಲ್ಲಿ ಕೊಚ್ಚಿಯ ಕೊಂಕಣಿ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರ ಹೆಸರುಗಳು ಉಳಿದಿರುವುದು, 1675ರಲ್ಲಿ ಅವರು ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರವನ್ನು ವಾನ್ ರೀಡ್ ಎಂಬ ಡಚ್ ಅಧಿಕಾರಿ ಹಾಗೆಯೇ ಅಚ್ಚು ಹಾಕಿಸಿದ್ದರಿಂದ. ಆ ಪುಸ್ತಕದ ಪುಟಗಳನ್ನು ಇವತ್ತು ಮೊಬೈಲಿನಲ್ಲಿ ತಿರುವಬಹುದು. ಹರಿದ್ವಾರದ ಪಂಡಾಗಳ ವಹಿಗಳನ್ನು ಅಮೆರಿಕದ ಫ್ಯಾಮಿಲಿಸರ್ಚ್ ಸಂಸ್ಥೆ ಚಿತ್ರಗಳಾಗಿ ಇಟ್ಟಿದೆ, ಉತ್ತರದ ಎಷ್ಟೋ ಮನೆತನಗಳಿಗೆ ಹತ್ತಾರು ತಲೆಮಾರು ಅಲ್ಲಿ ಸಿಗುತ್ತದೆ. ಆದರೆ ಎಂಬತ್ತು ವರ್ಷದ ಹಿಂದೆ ಹೋಟೆಲಿನಲ್ಲಿ ದೋಸೆ ಹಿಟ್ಟು ರುಬ್ಬಲು ಬಂದವನ ಹೆಸರು ಯಾರ ವಹಿಯಲ್ಲಿರುತ್ತದೆ?

ಮೊದಲು ನಾನು ತಿಳಿದುಕೊಳ್ಳಬೇಕಾಗಿದ್ದು ಆ ಬೀದಿ ಆಗ ಯಾವ ಸರ್ಕಾರದ್ದಾಗಿತ್ತು ಎಂಬುದು. ಇದನ್ನು ಹೊರಗಿನಿಂದ ಬಂದವರಿಗೆ ಯಾರೂ ಹೇಳುವುದಿಲ್ಲ. ಫೋರ್ಟ್ ಕೊಚ್ಚಿ ಆಗ ಬ್ರಿಟಿಷ್ ಕೊಚ್ಚಿ, ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿದ್ದು. 1866ರಷ್ಟು ಹಿಂದೆಯೇ ಅದಕ್ಕೆ ಮುನಿಸಿಪಾಲಿಟಿ ಬಂದಿತ್ತು. ಅಲ್ಲಿಂದ ಅರ್ಧ ಗಂಟೆ ನಡೆದರೆ ಸಿಗುವ ಮಟ್ಟಾಂಚೇರಿ ಕೊಚ್ಚಿ ಮಹಾರಾಜರ ರಾಜ್ಯ. ನಮ್ಮ ಕುಂದಾಪುರವೂ ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. ಅಂದರೆ ದೊಡ್ಡಜ್ಜ ಫೋರ್ಟ್ ಕೊಚ್ಚಿಯಲ್ಲಿದ್ದಿದ್ದರೆ ಊರು ಬಿಟ್ಟರೂ ಅದೇ ಪ್ರಾಂತ್ಯದ ಪ್ರಜೆ. ಮಟ್ಟಾಂಚೇರಿಯಲ್ಲಿದ್ದಿದ್ದರೆ ಬೇರೆ ರಾಜ್ಯ, ಬೇರೆ ಕಡತ, ಬೇರೆ ಭಾಷೆ. ಕೊಚ್ಚಿ ರಾಜ್ಯದ ಕಾಗದಗಳಿಗೆ ಎರ್ನಾಕುಳಂನ ಪ್ರಾದೇಶಿಕ ಪತ್ರಾಗಾರ, ತಿರುವಾಂಕೂರಿನವಕ್ಕೆ ತಿರುವನಂತಪುರ. 1949ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಒಂದಾದವು, 1956ರಲ್ಲಿ ಕೇರಳವಾಯಿತು, 1967ರಲ್ಲಿ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ, ಎರ್ನಾಕುಳಂ ಮೂರೂ ಸೇರಿ ಈಗಿನ ಕೊಚ್ಚಿ ಕಾರ್ಪೊರೇಷನ್ ಆಯಿತು. ಒಬ್ಬ ಮನುಷ್ಯ ಮನೆ ಬದಲಿಸದೆಯೇ ಅವನ ದಾಖಲೆ ಮೂರು ಸಲ ಮನೆ ಬದಲಿಸಿತು.

ಎರಡನೆಯ ತೊಡಕು ಹೆಸರಿನದು. ಅದು ತಿಳಿದದ್ದು ತಿರುವನಂತಪುರದಲ್ಲಿ. ಆಫೀಸಿನ ಕೆಲಸಕ್ಕೆ ಟೆಕ್ನೋಪಾರ್ಕಿಗೆ ಹೋದವನು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಕೋಟೆಯ ಹತ್ತಿರದ ತಾಳೆಗರಿ ಮ್ಯೂಸಿಯಮ್ಮಿಗೆ ಹೋದೆ. ತಿರುವಾಂಕೂರಿನ ಭೂಮಿ, ದೇವಸ್ಥಾನಗಳ ಲೆಕ್ಕ ಬರೆದ ಗರಿಗಳ ಸುರುಳಿಗಳು ಅಲ್ಲಿವೆ. ಅಲ್ಲೇ ಪಕ್ಕದ ಪದ್ಮನಾಭಸ್ವಾಮಿ ದೇವಸ್ಥಾನದ ನಂಬಿಗಳೆಂಬ ಅರ್ಚಕರನ್ನು ಆರಿಸುವುದು ನಮ್ಮ ಚಂದ್ರಗಿರಿ ಹೊಳೆಯ ಲೆಕ್ಕದಲ್ಲಿ. ಹೊಳೆಯ ಈಚೆಯವರು ಇಕ್ಕರೆ ದೇಶಿಗಳು, ಆಚೆಯ ತುಳುನಾಡಿನವರು ಅಕ್ಕರೆ ದೇಶಿಗಳು. ಮಲಯಾಳದಲ್ಲಿ ಅಕ್ಕರೆ ಅಂದರೆ ಆಚೆ ದಡ. ಅಲ್ಲಿ ಸಿಕ್ಕ ಹಿರಿಯರೊಬ್ಬರು ನನ್ನ ಊರು ಕೇಳಿ, "ಹಾಗಾದರೆ ನಿಮ್ಮವರು ಇಲ್ಲಿ ಪೋಟ್ಟಿಗಳು, ಕೊಚ್ಚಿಯಲ್ಲಿ ಎಂಬ್ರಾಂದಿರಿಗಳು" ಅಂದರು. ಬಡಗು ಕಡೆಯಿಂದ ಬಂದ ಬ್ರಾಹ್ಮಣನಿಗೆ ಇಲ್ಲಿ ಆ ಎರಡೇ ಹೆಸರು. ಅಡಿಗ, ಉಪಾಧ್ಯ, ಐತಾಳ ಎಂಬ ವ್ಯತ್ಯಾಸ ನಮಗೆ ಮಾತ್ರ ಗೊತ್ತು. ನಾನು ಅಷ್ಟು ದಿನ ಐತಾಳ ಎಂಬುದನ್ನು ಇಂಗ್ಲಿಷಿನ ನಾಲ್ಕಾರು ಕಾಗುಣಿತಗಳಲ್ಲಿ ಹಾಕಿ ಹುಡುಕುತ್ತಿದ್ದೆ. ಆ ಹೆಸರು ಈ ಕಡೆಯ ರಿಜಿಸ್ಟರುಗಳಿಗೆ ಸೇರದೆ ಹೋಗಿರುವ ಸಾಧ್ಯತೆಯೇ ಹೆಚ್ಚಾಗಿತ್ತು.

ಬಾಗಿಲು ತೆರೆದದ್ದು ಚುನಾವಣಾ ಆಯೋಗದ ದೆಸೆಯಿಂದ. 2025ರ ನವೆಂಬರಿನಲ್ಲಿ ಕೇರಳದಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಶುರುವಾಯಿತು. ಹಿಂದಿನ ಪರಿಷ್ಕರಣೆ ನಡೆದ 2002ರ ಪಟ್ಟಿಯಲ್ಲಿ ನಮ್ಮ ಹೆಸರೋ ಅಪ್ಪ ಅಮ್ಮನ ಹೆಸರೋ ಎಲ್ಲಿದೆ ಎಂದು ತೋರಿಸಬೇಕು. ಆ ವರ್ಷ ನನಗೆ ಹದಿನೈದು, ಹಾಗಾಗಿ ಊರಿನ ಪಟ್ಟಿಯಲ್ಲಿ ಅಪ್ಪನ ಹೆಸರು ಹುಡುಕಿದೆ. ಇಡೀ ಕೇರಳವೇ ಆಗ ಅದೇ ಕೆಲಸದಲ್ಲಿತ್ತು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಬರೀ ಇದೇ ಮಾತು: ಅಮ್ಮನ ಹೆಸರು ಸಿಕ್ಕಿತು, ಅಜ್ಜಿಯ ವಯಸ್ಸು ತಪ್ಪಾಗಿದೆ, ಹಳೆಯ ಮನೆ ನಂಬರ್ ಯಾರಿಗೆ ಗೊತ್ತು. ಕೆಲವರಿಗೆ ಅದು ಹೆದರಿಕೆಯ ವಿಷಯವೂ ಆಗಿತ್ತು, ಹೆಸರು ಸಿಗದಿದ್ದರೆ ಮುಂದೇನು ಎಂದು. ನನಗೆ ಹೊಳೆದದ್ದು ಬೇರೆ. ಕೇರಳದ ಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲಿ ತಂದೆಯ ಅಥವಾ ಗಂಡನ ಹೆಸರು ಇರುತ್ತದೆ, ಅದರ ಪಕ್ಕದಲ್ಲಿ ಮನೆಯ ಹೆಸರೂ ಇರುತ್ತದೆ.

ಪಟ್ಟಿಗಳು ಮಲಯಾಳದಲ್ಲಿದ್ದವು, ಶಬ್ದ ಹಾಕಿದರೆ ಹುಡುಕಿಕೊಡುವಂಥವಲ್ಲ. ಸಾಲು ಸಾಲಾಗಿ ಕಣ್ಣಿನಲ್ಲೇ ಓದಬೇಕು. ನನ್ನ ಮಲಯಾಳ ಓದು ಬಸ್ಸಿನ ಬೋರ್ಡು ಓದುವಷ್ಟರದ್ದು. ಅಜ್ಜ ತಿಗಳಾರಿ ಲಿಪಿ ಓದುತ್ತಿದ್ದರು, ಅದಕ್ಕೂ ಮಲಯಾಳಕ್ಕೂ ಹತ್ತಿರದ ನಂಟು. ಅವರಾಗಿದ್ದರೆ ನನಗಿಂತ ಬೇಗ ಮುಗಿಸುತ್ತಿದ್ದರು. ಮಟ್ಟಾಂಚೇರಿಯ ಮತಗಟ್ಟೆಗಳ ಪಟ್ಟಿಗಳನ್ನು ಇಳಿಸಿಕೊಂಡು ಮೂರು ವಾರಾಂತ್ಯ ಕೂತೆ. ವಾಟರ್ ಮೆಟ್ರೊದಲ್ಲಿ ಹೋಗುವಾಗಲೂ ಅದೇ ಕೆಲಸ. ಹನ್ನೊಂದನೆಯ ಪಟ್ಟಿಯಲ್ಲಿ ಒಂದು ಮನೆಯ ಹೆಸರು ಕಂಡಿತು: ಕೆಳಮನ. ಮಲಯಾಳಿಗಳಿಗೆ ಮನ ಅಂದರೆ ನಂಬೂದಿರಿಗಳ ಮನೆ, ಹಾಗಾಗಿ ಈ ಹೆಸರು ಯಾರಿಗೂ ವಿಚಿತ್ರ ಅನ್ನಿಸಿರಲಾರದು. ಆ ಮನೆಯಲ್ಲಿ ಇಬ್ಬರು ಮತದಾರರು, ಗಂಡಸಿಗೆ 56, ಹೆಂಗಸಿಗೆ 54. ಇಬ್ಬರಿಗೂ ತಂದೆಯ ಹೆಸರು ಒಂದೇ. ಅದು ನನ್ನ ದೊಡ್ಡಜ್ಜನ ಹೆಸರು, ಕೊನೆಯಲ್ಲಿ ಎಂಬ್ರಾಂದಿರಿ ಎಂದು ಸೇರಿಸಿದ್ದರು.

ಅಷ್ಟರಿಂದಲೇ ಇವರು ನಮ್ಮವರೆಂದು ಹೇಳುವಂತಿರಲಿಲ್ಲ. ಅದೇ ಹೆಸರಿನವರು ಬೇರೆ ಇರಬಹುದು, ಕೆಳಗಿನ ಮನೆ ಯಾವ ಊರಿನಲ್ಲೂ ಇರಬಹುದು. ಅಪ್ಪನಿಗೆ ಹೇಳುವ ಮೊದಲು ಮಟ್ಟಾಂಚೇರಿಯ ಆ ಓಣಿಗೆ ಹೋದೆ. ಒಬ್ಬನೇ ಹೋದರೆ ಹೆದರಿಯಾರು ಎಂದು ಹೆಂಡತಿಯನ್ನೂ ಕರೆದುಕೊಂಡೆ. ಅಣ್ಣ ತೀರಿಕೊಂಡು ಆರು ವರ್ಷವಾಗಿತ್ತು. ಅವರ ಮಕ್ಕಳು ಗಲ್ಫಿನಲ್ಲಿ. ತಂಗಿ ಇದ್ದರು, ಎಪ್ಪತ್ತೇಳು ವರ್ಷ, ನಿವೃತ್ತ ಶಾಲಾ ಟೀಚರ್, ಮದುವೆಯಾಗಿರಲಿಲ್ಲ. ನಾನು ಕಾರ್ಡಿನ ಫೋಟೊ ಮೊಬೈಲಿನಲ್ಲಿ ತೋರಿಸಿದೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಸಹಿಯನ್ನು ಮಾತ್ರ ನೋಡಿ, ಒಳಗಿಂದ ಹಳೆಯ ಪಂಚಾಂಗವೊಂದನ್ನು ತಂದು ಅದರ ಹಿಂಬದಿಯಲ್ಲಿದ್ದ ಅದೇ ಸಹಿ ತೋರಿಸಿದರು. "ಅಚ್ಛನ್ ಅಕ್ಕರೆಯಿಂದ ಬಂದವರು ಅಂತ ಅಮ್ಮ ಹೇಳುತ್ತಿದ್ದಳು" ಅಂದರು.

ಹೋಟೆಲಿನ ಕೆಲಸ ಬಿಟ್ಟು ದೊಡ್ಡಜ್ಜ ಒಂದು ಸಣ್ಣ ದೇವಸ್ಥಾನದಲ್ಲಿ ಕೀಳ್‌ಶಾಂತಿ, ಅಂದರೆ ಸಹಾಯಕ ಅರ್ಚಕ, ಆಗಿದ್ದರಂತೆ. ಇಲ್ಲೇ ಮದುವೆಯಾಯಿತು. ಊರಿನಲ್ಲಿ ಒಂದು ಸಂಸಾರವಿದೆ ಎಂಬುದು ಅವರ ತಾಯಿಗೆ ಗೊತ್ತಿತ್ತು, ಗಂಡ ತೀರಿಕೊಂಡ ಮೇಲೆ ಮಕ್ಕಳಿಗೂ ಹೇಳಿದರಂತೆ. ಹಾಗಾದರೆ ಸುದ್ದಿ ಯಾಕೆ ಕಳಿಸಲಿಲ್ಲ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಅವರೇ ಹೇಳಿದರು: "ಕನ್ನಡದಲ್ಲಿ ಬರೆಯುವವರು ನಮ್ಮ ಮನೆಯಲ್ಲಿ ಇರಲಿಲ್ಲ, ಮೋನೆ. ಭಯವೂ ಇತ್ತು." ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿಯ ಅಮ್ಮನಿಗೆ ಗೊತ್ತಿತ್ತಾ?" ಎಂದು ಕೇಳಿದರು. ಗೊತ್ತಿರಲಿಲ್ಲ, ಕೊನೆಯವರೆಗೂ ಕುಂಕುಮ ಇಟ್ಟುಕೊಳ್ಳುತ್ತಿದ್ದರು ಎಂದೆ. ಅವರು ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ಹೊರಡುವಾಗ ನಾನು ಏನೆಂದು ಕರೆಯಬೇಕು ಎಂದು ತೋಚದೆ "ಅತ್ತೆ, ಬರ್ತೇನೆ" ಅಂದೆ. ಅಪ್ಪನಿಗೆ ಅಕ್ಕ, ನನಗೆ ಅತ್ತೆಯೇ ತಾನೆ.

ದೊಡ್ಡಜ್ಜ ತೀರಿಕೊಂಡ ದಿನ ಅತ್ತೆಗೆ ತಾರೀಕಿನಲ್ಲಿ ಗೊತ್ತಿರಲಿಲ್ಲ. ಕೇರಳದಲ್ಲಿ ಶ್ರಾದ್ಧ ಮಾಡುವುದು ನಕ್ಷತ್ರದ ಲೆಕ್ಕದಲ್ಲಿ. ಕೊಲ್ಲಂ ವರ್ಷ 1138, ಕರ್ಕಿಡಕ ಮಾಸ, ಪೂಯಂ ನಕ್ಷತ್ರ, ಅಂದರೆ ನಮ್ಮ ಪುಷ್ಯ. ಹಗಲು ಹೊತ್ತು. ಇಷ್ಟು ಸಾಕಾಯಿತು. ಆ ವರ್ಷದ ಕರ್ಕಿಡಕದಲ್ಲಿ ಪುಷ್ಯ ಬಂದದ್ದು ಒಂದೇ ಸಲ ಎಂದು ಆನ್‌ಲೈನ್ ಪಂಚಾಂಗ ತೋರಿಸಿತು: 1963ರ ಜುಲೈ 21, ಭಾನುವಾರ. ಪಿತೃಗಳಿಗೆ ಬಲಿ ಇಡುವ ಕರ್ಕಿಡಕ ವಾವಿನ ಮಾರನೆಯ ದಿನ. ತಾರೀಕು ಸಿಕ್ಕಿದ ಮೇಲೆ ಹಳೆಯ ಮರಣ ರಿಜಿಸ್ಟರಿನ ನಮೂದಿಗೆ ಅರ್ಜಿ ಹಾಕುವುದು ಕಷ್ಟವಾಗಲಿಲ್ಲ. ಕೇರಳದ ಸ್ಥಳೀಯ ಸಂಸ್ಥೆಗಳ ಜನನ ಮರಣ ದಾಖಲೆಗಳು ಬಹಳ ವರ್ಷಗಳಿಂದ ಕಂಪ್ಯೂಟರಿನಲ್ಲಿವೆ, ಈಗ 2024ರಲ್ಲಿ ಬಂದ ಕೆ-ಸ್ಮಾರ್ಟಿನಲ್ಲಿ ಅರ್ಜಿಯೂ ಮನೆಯಿಂದಲೇ. ನಮೂದಿನಲ್ಲಿ ವಯಸ್ಸು 48 ಎಂದಿತ್ತು, ಹೆಸರು ಎಂಬ್ರಾಂದಿರಿ ಎಂದೇ ಇತ್ತು. ಅದೇ ಪಂಚಾಂಗ ನಮ್ಮ ಲೆಕ್ಕದ ತಿಥಿಯನ್ನೂ ಕೊಟ್ಟಿತು: ಶೋಭಕೃತ್ ಸಂವತ್ಸರದ ಶ್ರಾವಣ ಶುದ್ಧ ಪಾಡ್ಯ. ಅರವತ್ತೆರಡು ವರ್ಷ ನಮ್ಮ ಮನೆಯಲ್ಲಿ ತಿಥಿ ಇಲ್ಲದಿದ್ದ ಮನುಷ್ಯನಿಗೆ ಒಂದು ತಿಥಿ ಬಂತು.

ಊರಿನಲ್ಲಿ ಈ ಸುದ್ದಿಯನ್ನು ಎಲ್ಲರೂ ಸಂತೋಷದಿಂದ ತೆಗೆದುಕೊಂಡರು ಎಂದು ಬರೆದರೆ ಸುಳ್ಳಾಗುತ್ತದೆ. "ಸತ್ತವ್ರನ್ನ ಎಬ್ಬಿಸಿ ಎಂತ ಸಿಕ್ತ್ ನಿಂಗೆ?" ಎಂದು ಚಿಕ್ಕಪ್ಪ ಫೋನಿನಲ್ಲೇ ಕೇಳಿದರು. ಅವರ ಮಾತಿನಲ್ಲಿ ಲೆಕ್ಕವೂ ಇತ್ತು. ಒಂದೂವರೆ ಎಕರೆ ತೋಟ. ಎಪ್ಪತ್ತು ವರ್ಷ ಅದರ ಹುಲ್ಲು ಕಿತ್ತವರು, ತೆಂಗಿಗೆ ನೀರು ಹೊತ್ತವರು ನಮ್ಮ ಅಜ್ಜ, ಚಿಕ್ಕಪ್ಪ, ಚಿಕ್ಕಮ್ಮ. ದೊಡ್ಡಜ್ಜಿಯನ್ನು ಕೊನೆಗಾಲದಲ್ಲಿ ನೋಡಿಕೊಂಡದ್ದೂ ಚಿಕ್ಕಮ್ಮನೇ. ಈಗ ಮಲಯಾಳ ಮಾತಾಡುವ, ಊರಿನ ಮುಖ ಕಾಣದ ಮೂವರ ಹೆಸರು ಪಹಣಿಗೆ ಬರುವುದೆಂದರೆ ಅವರಿಗೆ ಸಂಕಟವಾಗದೆ ಇರುತ್ತದೆಯೇ? ಅಪ್ಪನದು ಒಂದೇ ಮಾತು, "ಇದ್ದದ್ ಇದ್ದಂಗೇ ಬರಿಕ್." ಮೂರು ವಾರ ಅಣ್ಣ ತಮ್ಮ ಮಾತು ಬಿಟ್ಟರು. ಆಮೇಲೆ ಚಿಕ್ಕಪ್ಪ ತಾವಾಗಿಯೇ ಬಂದು ಸಹಿ ಹಾಕಿದರು. ಜಾಗದ ಪಾಲಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ, ಗಲ್ಫಿನಲ್ಲಿರುವವರು ರಜೆಗೆ ಬಂದಾಗ ಎಲ್ಲರೂ ಕೂತು ಮಾತಾಡುವುದು ಎಂದಾಗಿದೆ. ಕಡತ ಕಚೇರಿಯಲ್ಲಿದೆ.

ವಂಶವೃಕ್ಷದಲ್ಲಿ ಈಗ ದೊಡ್ಡಜ್ಜನ ಕೆಳಗೆ ಎರಡು ಗೆರೆಗಳಿವೆ. ಒಂದರ ತುದಿಯಲ್ಲಿ ಕೊಚ್ಚಿಯ ಹೆಂಡತಿ, ಮಕ್ಕಳು, ಮೊಮ್ಮಕ್ಕಳು. ಇನ್ನೊಂದರ ತುದಿಯಲ್ಲಿ ದೊಡ್ಡಜ್ಜಿ ಒಬ್ಬರೇ. ಅವರ ಹೆಸರಿಗಾಗಿಯೂ ನಾನು ಹುಡುಕಿದ್ದೆ. ಯಾವ ಪಹಣಿಯಲ್ಲೂ ಇಲ್ಲ, ಯಾವ ಪತ್ರದಲ್ಲೂ ಇಲ್ಲ. ಸ್ವತಂತ್ರ ಭಾರತದ ಮೊದಲ ಚುನಾವಣೆಯ ಹೊತ್ತಿಗೆ ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಹೇಳಿ ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಬಿಡಬೇಕಾಗಿ ಬಂದಿತ್ತು. ಅದು ಹೆಚ್ಚಾಗಿ ಉತ್ತರದ ಕಥೆ. ಆದರೂ ನಮ್ಮ ಮನೆಯಲ್ಲಿ ಅವರ ಹೆಸರು ಬರೆದಿರುವ ವಸ್ತು ಒಂದೇ, ತವರಿನಿಂದ ತಂದ ಹಿತ್ತಾಳೆಯ ಕೊಡಪಾನ. ಗಂಡಸರ ವಂಶ ಹುಡುಕಲು ಪೋರ್ಟಲುಗಳಿವೆ. ಹೆಂಗಸರ ವಂಶ ಹುಡುಕಲು ಅಟ್ಟ ಹತ್ತಿ ಪಾತ್ರೆ ಇಳಿಸಬೇಕು.

ಹೊರನಾಡಿನಲ್ಲಿ ಕೂತು ಇಂಥ ಕೆಲಸಕ್ಕೆ ಹೊರಡುವ ಓದುಗರಿಗೆ ನಾನು ಕಲಿತ ಒಂದಿಷ್ಟು ಹೇಳುತ್ತೇನೆ. ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಮನೆಯ ಹೆಸರು, ತಿಥಿ, ನಕ್ಷತ್ರ, ದೇವಸ್ಥಾನ ಇವನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಯಾವ ಪೋರ್ಟಲಿನಲ್ಲೂ ಅವು ಇರುವುದಿಲ್ಲ. ಉಪನಾಮವನ್ನು ನಂಬಬೇಡಿ. ನೀವು ಹುಡುಕುವವರನ್ನು ಆ ಊರಿನ ಜನ ಏನೆಂದು ಕರೆಯುತ್ತಿದ್ದರು ಎಂದು ಕೇಳಿ. ಆ ಬೀದಿ ಆ ವರ್ಷ ಯಾವ ಸರ್ಕಾರದ್ದು ಎಂದು ನೋಡಿ. ಕರ್ನಾಟಕದಲ್ಲಿ ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ, ಪಹಣಿಗಿಂತ ಹಿಂದಿನದ್ದು ಬೇಕಾದವರಿಗೆ ಅದು ದಾರಿ. ಮತ್ತೆ, ಬದುಕಿರುವವರ ವಿವರಗಳನ್ನು ಫ್ಯಾಮಿಲಿ ಗ್ರೂಪಿಗೆ ಹಾಕುವ ಮೊದಲು ಅವರ ಮನೆ ಬಾಗಿಲು ತಟ್ಟಿ ಕೇಳಿ. ಪಟ್ಟಿ ಸಾರ್ವಜನಿಕವಾಗಿರಬಹುದು, ಆ ಮನೆಯವರ ಸಂಕಟ ಸಾರ್ವಜನಿಕವಲ್ಲ.

ಈ ವರ್ಷ ಕರ್ಕಿಡಕದ ಪೂಯಂ ಮತ್ತು ಶ್ರಾವಣ ಶುದ್ಧ ಪಾಡ್ಯ ಎರಡೂ ಆಗಸ್ಟಿನಲ್ಲಿ, ಒಂದೆರಡು ದಿನಗಳ ಅಂತರದಲ್ಲಿ ಬರುತ್ತವೆ. ಅತ್ತೆ ಎಂದಿನಂತೆ ಮಟ್ಟಾಂಚೇರಿಯಲ್ಲಿ ನಕ್ಷತ್ರ ನೋಡಿ ಮಾಡುತ್ತಾರೆ, ಅಪ್ಪ ಊರಿನಲ್ಲಿ ತಿಥಿ ನೋಡಿ ಮಾಡುತ್ತಾರೆ. ಅದೇ ದಿನ ದೊಡ್ಡಜ್ಜಿಗೂ ಒಂದು ಎಲೆ ಹಾಕಬೇಕೆಂದು ಚಿಕ್ಕಮ್ಮ ಹೇಳಿದ್ದಾರೆ.